ಮದ್ದಿನ ಡ್ರಮ್ಮಿನಲ್ಲೇ ಲ್ಯಾಬ್ ಇದೆ

ಪ್ರಶ್ನೆ: ಮಾಷ್ಟ್ರೇ, ನಾನು ಕೆಮಿಸ್ಟ್ರಿ ಬಿ.ಎಸ್ಸಿ. ಎರಡನೇ ವರ್ಷ. ಲ್ಯಾಬಿನಲ್ಲಿ ಟೈಟ್ರೇಷನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅಳೆಯುವುದು) ಮಾಡುತ್ತೇವೆ, ಆದರೆ ಉತ್ತರ ಎಷ್ಟು ಬರಬೇಕು ಅಂತ ಮೊದಲೇ ಗೊತ್ತು. ಸೀನಿಯರ್‌ಗಳ ರೆಕಾರ್ಡ್ ನೋಡಿ ರೀಡಿಂಗ್ ಬರೆಯುವವರೂ ಇದ್ದಾರೆ. ನಿಜವಾದ ಸಂಶೋಧನೆ ಮಾಡಲು ಎಲ್ಲಿಗೆ ಹೋಗಬೇಕು? ಮನೆಯಲ್ಲಿ ಅಡಿಕೆ ತೋಟ ಬಿಟ್ಟರೆ ಏನೂ ಇಲ್ಲ.
– ವಿದ್ಯಾರ್ಥಿನಿ, ಪೆರ್ಲ

ಉತ್ತರ: ಅಡಿಕೆ ತೋಟ ಇದೆಯಲ್ಲ, ಸದ್ಯಕ್ಕೆ ಎಲ್ಲಿಗೂ ಹೋಗಬೇಡ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುತ್ತೀರಿ ಅಲ್ವಾ? 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಮದ್ದು ಕಲಸಿದ ಮೇಲೆ ಹೊಳೆಯುವ ಕತ್ತಿಯನ್ನೋ ಬ್ಲೇಡನ್ನೋ ಅದರಲ್ಲಿ ಅದ್ದಿ ನೋಡುವುದನ್ನು ನೀನು ಕಂಡಿರುತ್ತೀ. ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಹಾಕುತ್ತಾರೆ. ಸುಣ್ಣ ಸಾಲದಿದ್ದರೆ ತಾಮ್ರ ನೀರಿನಲ್ಲಿ ಬಿಡಿಯಾಗಿ ಉಳಿಯುತ್ತದೆ, ಕಬ್ಬಿಣ ಸ್ವಲ್ಪ ಕರಗಿ ಅದರ ಜಾಗದಲ್ಲಿ ಈ ತಾಮ್ರ ಬಂದು ಕೂರುತ್ತದೆ, ನಿನ್ನ ಪಾಠಪುಸ್ತಕದ ಡಿಸ್‌ಪ್ಲೇಸ್‌ಮೆಂಟ್ ಅಂದರೆ ಇದೇ.

ಈಗ ಲೆಕ್ಕ ಹಾಕು. 1 ಲೀಟರಿಗೆ ಬೀಳುವ 10 ಗ್ರಾಂ ಮೈಲುತುತ್ತಿಗೆ ಶುದ್ಧ ಅರಳಿದ ಸುಣ್ಣ ಸುಮಾರು 3 ಗ್ರಾಂ ಸಾಕು. ಹಾಗಾದರೆ ನಾವು 10 ಗ್ರಾಂ ಯಾಕೆ ಹಾಕುತ್ತೇವೆ? ಅಂಗಡಿಯ ಸುಣ್ಣ ಅಷ್ಟು ಕೆಟ್ಟದ್ದಾ? ಗಾಳಿಗೆ ಬಿಟ್ಟ ಸುಣ್ಣ ನಿಧಾನಕ್ಕೆ ಕಾರ್ಬನೇಟ್ ಆಗುತ್ತದೆ ಅಂತ ನಿನಗೆ ಗೊತ್ತು, ಆದರೆ ನಿಮ್ಮ ಜಗಲಿಯಲ್ಲಿ ಬಾಯಿ ಬಿಚ್ಚಿಟ್ಟ ಚೀಲದ ಸುಣ್ಣ ಒಂದು ತಿಂಗಳಲ್ಲಿ ಎಷ್ಟು ಕೆಟ್ಟಿದೆ ಅಂತ ಯಾವ ಸೀನಿಯರ್‌ನ ರೆಕಾರ್ಡಿನಲ್ಲೂ ಇರಲಿಕ್ಕಿಲ್ಲ. ಐದಾರು ಪ್ಲಾಸ್ಟಿಕ್ ಡಬ್ಬ ತೆಗೆದುಕೋ, ಒಂದೊಂದರಲ್ಲಿ 1 ಲೀಟರ್ ಮದ್ದು, ಸುಣ್ಣ ಮಾತ್ರ 2 ಗ್ರಾಂನಿಂದ ಏರಿಸುತ್ತಾ ಹೋಗು. ಒಂದೊಂದಕ್ಕೂ ಹೊಸ ಮೊಳೆ ಅದ್ದು, ಪಿಎಚ್ ಪೇಪರ್ ಹಾಕು. ಕೈಗೆ ಗ್ಲೌಸ್ ಇರಲಿ. ತಾರೀಖು ಹಾಕಿ ಬರೆ, ಹಾಳಾದ ಡಬ್ಬದ್ದೂ ಬರೆ. ಟೈಟ್ರೇಷನ್ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ, ಸುಣ್ಣದ ಶುದ್ಧತೆ ನೋಡಲು ಆಸಿಡ್ ಮತ್ತು ಬ್ಯುರೆಟ್ ಕಾಲೇಜಿನಲ್ಲೇ ಇದೆ.

ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ಕೃಷಿ ವಿಜ್ಞಾನಿ ಕೊಳೆರೋಗದ ಬಗ್ಗೆ 1910ರಲ್ಲೇ ಬರೆದಿದ್ದರು. ಅವರೂ ತೋಟದ ಕೊಳೆತ ಅಡಿಕೆಯಿಂದಲೇ ಶುರು ಮಾಡಿದ್ದು.

ಪ್ರಶ್ನೆ: ರಜೆಯಲ್ಲಿ ಎರಡು ತಿಂಗಳು ಒಂದು ಲ್ಯಾಬಿಗೆ ಹೋಗಿದ್ದೆ. ಮೊದಲ ಮೂರು ವಾರ ಗ್ಲಾಸ್ ತೊಳೆದದ್ದೇ ಆಯಿತು. ಆಮೇಲೆ ತೆಂಗಿನ ಎಲೆಯ ಡಿಎನ್‌ಎ ತೆಗೆದು ಪಿಸಿಆರ್ (ಡಿಎನ್‌ಎಯ ಒಂದು ತುಂಡಿನ ಪ್ರತಿಗಳನ್ನು ಮೆಷಿನ್‌ನಲ್ಲಿ ಹೆಚ್ಚಿಸುವುದು) ಮಾಡಿದೆ, ಜೆಲ್‌ನಲ್ಲಿ ಬ್ಯಾಂಡ್ (ಆ ತುಂಡು ಇದೆ ಎಂದು ತೋರಿಸುವ ಗೆರೆ) ಬರಲೇ ಇಲ್ಲ. ರಿಪೋರ್ಟಿನಲ್ಲಿ ಏನು ಬರೆಯಲಿ?
– ವಿದ್ಯಾರ್ಥಿ, ಬದಿಯಡ್ಕ

ಉತ್ತರ: ಬ್ಯಾಂಡ್ ಬರಲಿಲ್ಲ ಅಂತಲೇ ಬರೆ. ಮೂರು ವಾರ ಬರೀ ತೊಳೆಸಿದ್ದು ಜಾಸ್ತಿಯಾಯಿತು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಒಂದು ವಿಷಯ ಹೇಳು: ಪಾಸಿಟಿವ್ ಕಂಟ್ರೋಲ್‌ಗೆ, ಅಂದರೆ ಬ್ಯಾಂಡ್ ಬಂದೇ ಬರುತ್ತದೆ ಅಂತ ಗೊತ್ತಿರುವ ಡಿಎನ್‌ಎಗೆ, ಬ್ಯಾಂಡ್ ಬಂದಿತ್ತಾ? ಬಂದಿದ್ದರೆ ತಪ್ಪು ಹೆಚ್ಚಾಗಿ ನಿನ್ನ ಡಿಎನ್‌ಎಯಲ್ಲಿ. ಬಾರದಿದ್ದರೆ ಮಿಕ್ಸ್‌ನಲ್ಲೋ ಮೆಷಿನ್‌ನಲ್ಲೋ ಹುಡುಕು. ಬಲಿತ ತೆಂಗಿನ ಎಲೆಯಲ್ಲಿ ಫೀನಾಲ್ ಎಂಬ ರಾಸಾಯನಿಕಗಳು ತುಂಬಾ ಇರುತ್ತವೆ, ಅವು ಡಿಎನ್‌ಎ ಜೊತೆ ಬಂದು ಪಿಸಿಆರ್ ಅನ್ನು ತಡೆಯುತ್ತವೆ. ಎಳೆ ಎಲೆ ತೆಗೆದುಕೊಂಡರೆ, ಅಥವಾ ಡಿಎನ್‌ಎಯನ್ನು ಹತ್ತು ಪಟ್ಟು ನೀರು ಮಾಡಿ ಹಾಕಿದರೆ ಕೆಲವೊಮ್ಮೆ ಬ್ಯಾಂಡ್ ಕಾಣುತ್ತದೆ. ಇದನ್ನು ಮಾಡಿ ನೋಡಿದ್ದೀಯಾ, ಇಲ್ಲವಾ, ಅದೂ ರಿಪೋರ್ಟಿನಲ್ಲಿ ಇರಲಿ. ಸುಮ್ನೆ ಬೇರೆಯವರ ಜೆಲ್ ಫೋಟೊ ಅಂಟಿಸಬೇಡ, ಮಾರಾಯ.

ಪ್ರಶ್ನೆ: ಮಗಳಿಗೆ ಬೇಸಗೆಯಲ್ಲಿ ಸಂಶೋಧನೆಗೆ ಹೋಗಬೇಕಂತೆ. ದೂರ ಕಳಿಸಲು ಧೈರ್ಯವಿಲ್ಲ.
– ತಾಯಿ, ಮಂಜೇಶ್ವರ

ಉತ್ತರ: ಹತ್ತಿರವೇ ಕೇಳಿ ನೋಡಲಿ ಅಮ್ಮ. ಕಾಸರಗೋಡಿನ ಕೂಡ್ಲಿನಲ್ಲಿ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಇದೆ, ಅಲ್ಲಿ ತೆಂಗಿನ ಸಂಶೋಧನೆ 1916ರಿಂದಲೂ ನಡೆದಿದೆ. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ದೂರಕ್ಕೆ ಮನಸ್ಸು ಮಾಡಿದರೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಗೆ ಫೆಲೋಶಿಪ್ ಎರಡು ತಿಂಗಳದ್ದು, ಅದರಲ್ಲಿ ಹಣವೂ ಸಿಗುತ್ತದೆ. ಮಗಳು ಮೇಲ್ ಬರೆಯುವಾಗ "ನನಗೆ ಸಂಶೋಧನೆಯಲ್ಲಿ ಅಪಾರ ಆಸಕ್ತಿ" ಅಂತ ಬರೆಯುವುದು ಬೇಡ, ಎಲ್ಲರೂ ಅದನ್ನೇ ಬರೆಯುತ್ತಾರೆ. ತಾನು ಏನು ಮಾಡಿ ನೋಡಿದೆ, ಎಲ್ಲಿ ಸಿಕ್ಕಿಬಿದ್ದೆ, ನಾಲ್ಕು ಸಾಲು ಬರೆದರೆ ಸಾಕು.