ಚಳ್ಳಕೆರೆಯಲ್ಲಿ ಶೇಂಗಾ ಸಿಪ್ಪೆಯಿಂದ ಬ್ರಿಕೆಟ್ (ಒತ್ತಿ ಗಟ್ಟಿ ಮಾಡಿದ ಉರುವಲಿನ ತುಂಡು) ಮಾಡುವ ಘಟಕ ಹಾಕಿದರೆ ಗಿಟ್ಟುತ್ತದೆಯೇ?

ಗಿಟ್ಟುತ್ತದೆ, ಆದರೆ ಮಷೀನ್ ಮಾರುವವರು ಬರೆದುಕೊಡುವ ಲೆಕ್ಕದಲ್ಲಿ ಅಲ್ಲ. ದಾವಣಗೆರೆ ಹತ್ತಿರ ನಾವು ಮೂವರು ಪಾಲುದಾರರು ಇಂಥದ್ದೇ ಘಟಕ ಹಾಕಿ ನಾಲ್ಕು ವರ್ಷ ಆಯಿತು. ಮೊದಲ ವರ್ಷ ನೀರಿಗೆ ದುಡ್ಡು ಕೊಟ್ಟೆವು. ತಮಾಷೆ ಅಲ್ಲ.

ಮೆಕ್ಕೆಜೋಳದ ಬೆಂಡು ಅಗ್ಗಕ್ಕೆ ಸಿಕ್ಕಿತು ಅಂತ ಒಕ್ಕಣೆ ಮುಗಿದ ಕೂಡಲೇ ತಂದು ಸುರಿದೆವು. ತೇವ 25%. ಪ್ರೆಸ್‌ಗೆ ಹಾಕಬೇಕಾದರೆ ಅದು 10%ಗೆ ಇಳಿಯಬೇಕು. ಅಂದರೆ ಒಂದು ಟನ್ ಕೊಂಡರೆ ಒಣಗಿದ ಮೇಲೆ ಉಳಿಯುವುದು 833 ಕೆಜಿ. ಟನ್ನಿಗೆ ₹2,000 ಅಂತ ಕೊಂಡಿದ್ದು ಅಲ್ಲೇ ₹2,400 ಆಯಿತು, ಹರವಿ ಒಣಗಿಸುವ ಕೂಲಿ ಬೇರೆ. ಅವಸರಪಟ್ಟು ಹಸಿಯನ್ನೇ ಹಾಕಿದ ದಿನ ಡೈ, ಅಂದರೆ ಒತ್ತುವ ಅಚ್ಚಿನ ಒಳಗೆ ಆವಿ ಕಟ್ಟಿ ಪಟಾರ್ ಅಂತ ತುಂಡು ಹೊರಗೆ ಹಾರಿತು. ಉಳಿದವಕ್ಕೆ ಮೈತುಂಬ ಅಡ್ಡ ಬಿರುಕು, ಹಿಡಿದರೆ ಚಕ್ಕುಲಿ ಹಾಗೆ ಮುರಿಯೋವು. ಲಾರಿಯಲ್ಲಿ ಪುಡಿ ಕಂಡರೆ ಕೊಳ್ಳುವವರು ತೂಕ ಮುರಿದುಕೊಳ್ಳುತ್ತಾರೆ.

ನಿಮ್ಮ ಸಿಪ್ಪೆ ಆ ಮಟ್ಟಿಗೆ ವಾಸಿ. ಸುಲಿಯುವ ಮಷೀನಿನಿಂದ ಹೆಚ್ಚುಕಮ್ಮಿ ಒಣಗಿಯೇ ಬರುತ್ತದೆ, ಶಾಖ ಕೆಜಿಗೆ 4,000 ಕಿಲೋಕ್ಯಾಲರಿ ಆಸುಪಾಸು. ಅಂಟೂ ಬೇಡ, ಒತ್ತುವಾಗಿನ ಕಾವಿಗೆ ಸಿಪ್ಪೆಯೊಳಗೇ ಇರುವ ಲಿಗ್ನಿನ್ ಅನ್ನುವ ಗಟ್ಟಿ ಅಂಶವೇ ಮೆತ್ತಗಾಗಿ ಹಿಡಿದುಕೊಳ್ಳುತ್ತದೆ. ಭತ್ತದ ಹೊಟ್ಟು ಬೆರೆಸುವ ಆಸೆ ಮಾತ್ರ ಬೇಡ. ಅದರಲ್ಲಿ ಐದಕ್ಕೆ ಒಂದು ಪಾಲು ಬೂದಿ, ಆ ಬೂದಿಯೂ ಬಹುತೇಕ ಸಿಲಿಕಾ (ಮರಳಿನಲ್ಲಿರುವ ಅಂಶ), ಡೈಯನ್ನು ಸವೆಸಿ ಹಾಕುತ್ತದೆ. ಅಗ್ಗಕ್ಕೆ ಸಿಗುವುದೂ ಇಲ್ಲ. ರೈಸ್‌ಮಿಲ್‌ನವರು ತಮ್ಮ ಬಾಯ್ಲರ್‌ಗೇ ಇಟ್ಟುಕೊಳ್ಳುತ್ತಾರೆ, ಮಿಕ್ಕಿದ್ದಕ್ಕೆ ನಮ್ಮೂರ ಮಂಡಕ್ಕಿ ಭಟ್ಟಿಯವರು ಕಾಯುತ್ತಿರುತ್ತಾರೆ.

ಇನ್ನು ಬಾಡಿಗೆ. ಬಿಡಿ ಸಿಪ್ಪೆಯನ್ನು ಟ್ರ್ಯಾಕ್ಟರಿಗೆ ಹೇರಿದರೆ ನೋಡೋಕೆ ಗುಡ್ಡ, ವೇಬ್ರಿಡ್ಜ್ ಮೇಲೆ ಒಂದು ಟನ್ ತೂಗಿದರೆ ಹೆಚ್ಚು. ಅದೇ ತೂಕದ ಬ್ರಿಕೆಟ್ ಮೂಲೆಯಲ್ಲಿ ಕೂರುತ್ತದೆ. ಹಾಗಾಗಿ ಘಟಕ ಸಿಪ್ಪೆ ಬೀಳುವ ಕಡೆ ಇರಬೇಕು, ಗಿರಾಕಿ ಇರುವ ಕಡೆ ಅಲ್ಲ. 25 ಕಿಮೀ ಆಚೆಯ ಲೋಡನ್ನು ನಾವು ಈಗ ಮುಟ್ಟುವುದೇ ಇಲ್ಲ. ಕರೆಂಟು, ಪುಡಿ ಮಾಡುವುದೂ ಸೇರಿ, ನಮ್ಮಲ್ಲಿ ಟನ್ನಿಗೆ 60-70 ಯೂನಿಟ್ ಎಳೆಯುತ್ತದೆ.

ನಿಮ್ಮ ಕಡೆ ಶೇಂಗಾ ಮಳೆ ನಂಬಿದ ಬೆಳೆ. ಮಳೆ ಕೈಕೊಟ್ಟ ವರ್ಷ ಸಿಪ್ಪೆ ಇರುವುದಿಲ್ಲ, ಬ್ಯಾಂಕಿನ ಕಂತು ಇರುತ್ತದೆ. ಮಷೀನಿಗಿಂತ ಮೊದಲು ದೊಡ್ಡ ಶೆಡ್ಡಿಗೂ ಸುಗ್ಗಿಯಲ್ಲಿ ಸಿಪ್ಪೆ ಕೊಂಡಿಡುವ ದುಡ್ಡಿಗೂ ದಾರಿ ನೋಡಿಕೊಳ್ಳಿ.

ಅಡ್ವಾನ್ಸ್ ಕೊಡುವ ಮುಂಚೆ ನಾಲ್ಕು ಮಿಲ್ಲಿಗೆ ಹೋಗಿ, ಈಗ ಸಿಪ್ಪೆ ಯಾರು ಒಯ್ಯುತ್ತಿದ್ದಾರೆ, ಎಷ್ಟಕ್ಕೆ ಅಂತ ಕೇಳಿ. ಮುಂದಿನ ವಾರ ಮತ್ತೆ ಹೋಗಿ ಕೇಳಿ. ಬ್ರಿಕೆಟ್ ಮಾಡುವವನು ಬಂದಿದ್ದ ಅಂತ ಸುದ್ದಿ ಹರಡಿ ರೇಟು ಏರಿರುತ್ತದೆ. ಲೆಕ್ಕಕ್ಕೆ ಆ ಎರಡನೆಯ ರೇಟನ್ನೇ ಹಿಡಿಯಿರಿ.