ಲೈನ್ ಕ್ಲಿಯರ್ ಕೊಟ್ಟ ಮೇಲೆ
(ಓದುಗರ ಪ್ರಶ್ನೆಗೆ ಹಳೇ ಸ್ಟೇಷನ್ ಮಾಸ್ತರರ ಉತ್ತರ)

ಪ್ರಶ್ನೆ: ಸರಾಯೆವೊದಲ್ಲಿ ಒಬ್ಬ ಹುಡುಗ ಒಬ್ಬ ಯುವರಾಜನಿಗೆ ಗುಂಡು ಹೊಡೆದ. ಅಷ್ಟಕ್ಕೆ ಜಗತ್ತೆಲ್ಲ ಯಾಕೆ ಹೊಡೆದಾಡಿತು ಸರ್? ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ.
– ಪಿಯುಸಿ ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ತಪ್ಪು ನಿನ್ನದಲ್ಲಮ್ಮ. ಗುಂಡು ಹಾರಿದ್ದು 1914ರ ಜೂನ್ 28ಕ್ಕೆ, ಮೊದಲ ಮಹಾಯುದ್ಧ ಶುರುವಾಗಿದ್ದು ಜುಲೈ 28ಕ್ಕೆ. ಕೊಲೆಯೇ ಕಾರಣವಾಗಿದ್ದರೆ ಒಂದು ತಿಂಗಳು ಕಾಯುತ್ತಿದ್ದರಾ?

ಸರಾಯೆವೊ ಇರುವ ಬೋಸ್ನಿಯಾವನ್ನು ಆಸ್ಟ್ರಿಯಾ-ಹಂಗೇರಿ 1908ರಲ್ಲಿ ತನ್ನದು ಅಂತ ಸೇರಿಸಿಕೊಂಡಿತ್ತು. ಪಕ್ಕದ ಸರ್ಬಿಯಾಕ್ಕೆ ಅದು ಹೊಟ್ಟೆಯುರಿ. ಗವ್ರಿಲೊ ಪ್ರಿನ್ಸಿಪ್ ಎಂಬ 19 ವರ್ಷದ ಸರ್ಬ್ ಹುಡುಗ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್‌ನನ್ನೂ ಅವನ ಹೆಂಡತಿ ಸೋಫಿಯನ್ನೂ ಕೊಂದ. ಸರ್ಬಿಯಾಕ್ಕೆ ಬುದ್ಧಿ ಕಲಿಸಲು ಇದೇ ಸಮಯ ಅಂತ ಆಸ್ಟ್ರಿಯಾ ಹೊರಟಿತು. ನೀನೇನು ಮಾಡಿದರೂ ನಾನಿದ್ದೇನೆ ಅಂತ ಜರ್ಮನಿಯ ಚಕ್ರವರ್ತಿ ಕೈಸರ್ ಮಾತು ಕೊಟ್ಟ. ಸರ್ಬಿಯಾದ ಹಿಂದೆ ರಷ್ಯಾ, ರಷ್ಯಾದ ಹಿಂದೆ ಫ್ರಾನ್ಸ್. ಬೆಲ್ಜಿಯಂ ತಂಟೆಗೆ ಯಾರೂ ಹೋಗಬಾರದು ಅಂತ 1839ರಲ್ಲೇ ಸಹಿ ಹಾಕಿದ್ದ ಬ್ರಿಟನ್. ಊರಲ್ಲಿ ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನು ನಿಂತು ಎಲ್ಲರೂ ಒಟ್ಟಿಗೆ ಮುಳುಗುತ್ತಾರಲ್ಲ, ಹಾಗೆ.

ಇಷ್ಟು ನಿನ್ನ ಪುಸ್ತಕದಲ್ಲೂ ಇರುತ್ತದೆ. ನನಗೆ ಹೇಳಬೇಕೆನಿಸಿದ್ದು ಬೇರೆ. ಎಲ್ಲದರಲ್ಲೂ ನಿಮಗೆ ರೈಲೇ ಕಾಣುತ್ತದೆ ಅಂತ ಮನೆಯಲ್ಲಿ ಬೈಯುತ್ತಾರೆ. ಆದರೆ ಇಲ್ಲಿ ನಿಜವಾಗಿಯೂ ರೈಲಿದೆ. ಆಗ ಲಕ್ಷಗಟ್ಟಲೆ ಸೈನಿಕರನ್ನು ಗಡಿಗೆ ಸಾಗಿಸಲು ರೈಲು ಬಿಟ್ಟರೆ ದಾರಿಯಿಲ್ಲ. ಯುದ್ಧ ಬಂದರೆ ಯಾವ ಗಾಡಿ ಯಾವ ನಿಮಿಷಕ್ಕೆ ಹೊರಡಬೇಕು ಅಂತ ಜರ್ಮನ್ನರು ಮೊದಲೇ ಟೈಮ್ ಟೇಬಲ್ ಮಾಡಿಟ್ಟಿದ್ದರು. ಮೊದಲು ಬೆಲ್ಜಿಯಂ ಮೂಲಕ ಹೋಗಿ ಫ್ರಾನ್ಸನ್ನು ಬಡಿಯುವುದು, ಆಮೇಲೆ ಅದೇ ಸೈನ್ಯವನ್ನು ರೈಲಿನಲ್ಲಿ ರಷ್ಯಾ ಕಡೆ ತಿರುಗಿಸುವುದು. ಅವರ ಹತ್ತಿರ ಇದ್ದದ್ದು ಇದೊಂದೇ ಟೈಮ್ ಟೇಬಲ್. ಜಗಳ ಸರ್ಬಿಯಾದ್ದು, ಪೆಟ್ಟು ಬೆಲ್ಜಿಯಂಗೆ!

ಆಗಸ್ಟ್ 1ರ ಸಂಜೆ. ಫ್ರಾನ್ಸ್ ಸುಮ್ಮನಿರುವಂತೆ ಬ್ರಿಟನ್ ನೋಡಿಕೊಳ್ಳಬಹುದು ಅಂತ ಲಂಡನ್ನಿನಲ್ಲಿದ್ದ ಜರ್ಮನ್ ರಾಯಭಾರಿಯಿಂದ ತಂತಿ ಬಂತು. ಕೈಸರ್‌ಗೆ ಖುಷಿಯೋ ಖುಷಿ. ಸೇನಾಪತಿ ಮೋಲ್ಟ್‌ಕೆಯನ್ನು ಕರೆಸಿ, ಇಡೀ ಸೈನ್ಯವನ್ನು ಪೂರ್ವಕ್ಕೆ ತಿರುಗಿಸು ಅಂದ. ಆಗೋದಿಲ್ಲ ಪ್ರಭು ಅಂದ ಮೋಲ್ಟ್‌ಕೆ. 11,000 ಗಾಡಿಗಳ ಲೆಕ್ಕ ಅದು. ಕೊಲೋನ್ ಪಟ್ಟಣದ ರೈನ್ ಸೇತುವೆ ಮೇಲೇ ಹತ್ತು ನಿಮಿಷಕ್ಕೊಂದು ಗಾಡಿ ದಾಟಬೇಕು. "ನಿನ್ನ ದೊಡ್ಡಪ್ಪ ಆಗಿದ್ದರೆ ಬೇರೆ ಉತ್ತರ ಕೊಡುತ್ತಿದ್ದ" ಅಂದುಬಿಟ್ಟ ಕೈಸರ್. ಆ ದೊಡ್ಡಪ್ಪ, ಹಿರಿಯ ಮೋಲ್ಟ್‌ಕೆ, 1870ರಲ್ಲಿ ಫ್ರಾನ್ಸನ್ನು ಸೋಲಿಸಿದವನು. ಈ ಮಾತು ಕಿರಿಯನಿಗೆ ಎಲ್ಲಿ ನಾಟಿರಬೇಕು ಯೋಚಿಸು.

ಮೋಲ್ಟ್‌ಕೆಯ ಕಷ್ಟ ನನಗೆ ಸ್ವಲ್ಪ ಅರ್ಥವಾಗುತ್ತದೆ. ಒಂದು ಸಣ್ಣ ಕ್ರಾಸಿಂಗ್ ಸ್ಟೇಷನ್ನಿನಲ್ಲಿ ನನಗೆ ರಾತ್ರಿ ಪಾಳಿ. ಗೂಡ್ಸ್ ಗಾಡಿಗೆ ಲೈನ್ ಕ್ಲಿಯರ್, ಅಂದರೆ ಮುಂದಿನ ಸ್ಟೇಷನ್ನಿನವರೆಗೆ ಹೋಗಲು ಅನುಮತಿ, ಕೊಟ್ಟಾಗಿತ್ತು. ಆ ಅನುಮತಿಯ ಗುರುತಾಗಿ ಬೆತ್ತದ ಬಳೆಗೆ ಕಟ್ಟಿದ ಟೋಕನ್ ಡ್ರೈವರ್ ಕೈ ಸೇರಿ ಗಾಡಿ ಕದಲಿತ್ತು. ಆಗ ಕಂಟ್ರೋಲ್‌ನಿಂದ ಫೋನು: "ಗೂಡ್ಸ್ ಹಿಡ್ಕೊಳ್ಳಿ, ಪ್ಯಾಸೆಂಜರ್ ಮೊದಲು ಬಿಡಿ." ಏನನ್ನು ಹಿಡಿಯಲಿ, ಬಾಲವನ್ನಾ? ಗಾಡಿಯ ಹಿಂದಿನ ಕೆಂಪು ದೀಪ ಸಿಗ್ನಲ್ ದಾಟಿ ಹೋಗುವುದನ್ನು ನೋಡುತ್ತ ನಿಂತೆ. ಪ್ಯಾಸೆಂಜರ್ ಒಂದೂಮುಕ್ಕಾಲು ಗಂಟೆ ತಡ. ಅಷ್ಟೂ ಹೊತ್ತು ಬೈಗುಳ ತಿಂದವನು ನಾನು. ಅದು ಒಂದು ಗಾಡಿ!

ಆಗಸ್ಟ್ 1ರ ಅದೇ ಸಂಜೆ ಲಕ್ಸೆಂಬರ್ಗ್ ಗಡಿಯ ಟ್ರ್ವಾ ವಿಯೆರ್ಜ್ ಎಂಬ ಪುಟ್ಟ ಸ್ಟೇಷನ್ನಿಗೆ ಜರ್ಮನ್ ತುಕಡಿಯೊಂದು ನುಗ್ಗಿ, ತಂತಿ ಯಂತ್ರ ವಶ ಮಾಡಿಕೊಂಡು, ಒಂದಿಷ್ಟು ಕಂಬಿ ಕಿತ್ತಿತು. ಆ ಹೆಸರಿನ ಅರ್ಥ ಮೂವರು ಕನ್ನಿಕೆಯರು. ಅರ್ಧ ಗಂಟೆಯಲ್ಲಿ ಇನ್ನೊಂದು ತುಕಡಿ ಕಾರಿನಲ್ಲಿ ಬಂದು, ತಪ್ಪಾಗಿದೆ, ವಾಪಸ್ ನಡೀರಿ ಅಂತು. ಅಷ್ಟರಲ್ಲಿ, ಮೊದಲ ತಂತಿಯೇ ತಪ್ಪು ತಿಳಿವಳಿಕೆ ಅಂತ ಲಂಡನ್ನಿನಿಂದ ಇನ್ನೊಂದು ತಂತಿ ಬಂತು. ಹಾಗಾದರೆ ನಿನಗೆ ಬೇಕಾದ್ದು ಮಾಡಿಕೋ ಅಂತ ಮೋಲ್ಟ್‌ಕೆಗೆ ಹೇಳಿದ ಕೈಸರ್. ಮರುದಿನ ಲಕ್ಸೆಂಬರ್ಗ್ ಪೂರ್ತಿ ಹೋಯಿತು. ಆ ರಾತ್ರಿ ಅಲ್ಲಿ ಡ್ಯೂಟಿಯಲ್ಲಿದ್ದ ಸ್ಟೇಷನ್ ಮಾಸ್ತರನ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನೊಂದು ವಿಷಯ. ಜರ್ಮನ್ ಸೈನ್ಯದ ರೈಲು ವಿಭಾಗದ ಮುಖ್ಯಸ್ಥನಾಗಿದ್ದ ಫಾನ್ ಸ್ಟಾಬ್ಸ್ ಎಂಬಾತ 1925ರಲ್ಲಿ ಒಂದು ಪುಸ್ತಕವನ್ನೇ ಬರೆದ. ಏಳರಲ್ಲಿ ನಾಲ್ಕು ಸೈನ್ಯಗಳನ್ನು ಎರಡು ವಾರದಲ್ಲಿ ಪೂರ್ವಕ್ಕೆ ತಿರುಗಿಸಬಹುದಿತ್ತು ಅನ್ನುವುದು ಅವನ ವಾದ. ನಾನು ಅವನ ಕಡೆ. ಮೇಲಿನವರು 'ಆಗೋದಿಲ್ಲ' ಅಂದರೆ ಜಾಸ್ತಿ ಸಲ 'ಮನಸ್ಸಿಲ್ಲ' ಅಂತಲೇ ಅರ್ಥ.

ಪ್ರಶ್ನೆ: ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಯುದ್ಧದಿಂದ ಅಂತಾನೆ ನನ್ನ ಮಗ. ಹೌದಾ?
– ಗೃಹಿಣಿ, ಮೈಸೂರು

ಉತ್ತರ: ಹೌದು ತಾಯಿ. ನಮ್ಮ ಗಂಧದ ಕೊರಡು ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ದಾರಿ ಮುಚ್ಚಿತು. ಕೊರಡು ಇಲ್ಲೇ ರಾಶಿ ಬಿತ್ತು. ಎಣ್ಣೆ ನಾವೇ ತೆಗೆದರಾಯಿತು ಅಂತ ನಾಲ್ವಡಿಯವರೂ ದಿವಾನ್ ವಿಶ್ವೇಶ್ವರಯ್ಯನವರೂ ಮುಂದಾದರು. 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ನಿಮ್ಮ ಮೈಸೂರಿನಲ್ಲಿ ಕಾರ್ಖಾನೆ ಬಂತು. ಸೋಪು ಬಂದದ್ದು 1918ರಲ್ಲಿ.

ಹಾಗಂತ ನಮಗೆ ಲಾಭವೇ ಆಯಿತು ಅಂದುಕೊಳ್ಳಬೇಡಿ. ಮಹಾರಾಜರು ಯುದ್ಧ ನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಕುದುರೆ ದಳ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲಿನ ಹೈಫಾದಲ್ಲಿ, ಮೆಷಿನ್ ಗನ್ನಿನ ಎದುರು, ಜೋಧಪುರದವರ ಜೊತೆ ಈಟಿ ಹಿಡಿದು ನುಗ್ಗಿದವರು ಇವರೇ. (ಹೈಫಾ ಕೂಡ ರೈಲು ದಾರಿಯ ಕೊನೇ ಸ್ಟೇಷನ್. ಸುಮ್ನೆ ಹೇಳಿದೆ.) ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಸೈನಿಕರ ಪ್ರತಿಮೆಗಳಲ್ಲಿ ಒಬ್ಬ ನಮ್ಮವನು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಇವರ ಸ್ಮಾರಕ ಇದೆ. ಎದುರಿಗೇ ಬಸ್ಸು ಕಾಯುವವರು ಎಷ್ಟು ಜನ ಅದನ್ನು ತಿರುಗಿ ನೋಡುತ್ತಾರೋ.

ಪ್ರಶ್ನೆ: ಗೆದ್ದವರಿಗಾದರೂ ಏನು ಸಿಕ್ಕಿತು?
– ಓದುಗರು, ಧಾರವಾಡ

ಉತ್ತರ: ಸೋತವರಿಂದ ಶುರು ಮಾಡುತ್ತೇನೆ. ನಾಲ್ಕು ಸಾಮ್ರಾಜ್ಯ ಉರುಳಿದವು: ಜರ್ಮನಿ, ಆಸ್ಟ್ರಿಯಾ-ಹಂಗೇರಿ, ತುರ್ಕಿ, ರಷ್ಯಾ. ರಷ್ಯಾ ಗೆದ್ದವರ ಪಕ್ಷದಲ್ಲಿದ್ದೂ ಉರುಳಿತು. ಅಲ್ಲಿನ ಚಕ್ರವರ್ತಿ ತ್ಸಾರ್ 1917ರಲ್ಲಿ ಸಿಂಹಾಸನ ಬಿಟ್ಟು ಸಹಿ ಹಾಕಿದ್ದು ಪ್‌ಸ್ಕೊವ್ ಸ್ಟೇಷನ್ನಿನಲ್ಲಿ, ರೈಲು ಬೋಗಿಯಲ್ಲಿ. ಮುಂದಿನ ತಿಂಗಳೇ ಜರ್ಮನ್ನರು ಕ್ರಾಂತಿಕಾರಿ ಲೆನಿನ್‌ನನ್ನು ರೈಲು ಹತ್ತಿಸಿ ಅಲ್ಲಿಗೆ ಕಳಿಸಿದರು.

ಗೆದ್ದ ಬ್ರಿಟನ್ನಿಗೆ ಇರಾಕ್, ಪ್ಯಾಲೆಸ್ತೀನ್, ಫ್ರಾನ್ಸಿಗೆ ಸಿರಿಯಾ, ಲೆಬನಾನ್ ಸಿಕ್ಕವು. ಆದರೆ 1916ರ ಜುಲೈ 1ರ ಒಂದೇ ದಿನ ಫ್ರಾನ್ಸಿನ ಸೋಮ್ ನದಿಯ ಹತ್ತಿರ ಬ್ರಿಟಿಷರ 19,240 ಜನ ಸತ್ತಿದ್ದರು. ನಮ್ಮಿಂದ ಸುಮಾರು 13 ಲಕ್ಷ ಜನ ಹೋದರು, 74,000ದಷ್ಟು ಜನ ಹಿಂದಿರುಗಲಿಲ್ಲ. ಇರಾಕಿನ ಕೂತ್‌ನಲ್ಲಿ ತುರ್ಕರಿಗೆ ಸೆರೆಸಿಕ್ಕ ನಮ್ಮವರು ಶತ್ರುವಿನ ಬಾಗ್ದಾದ್ ರೈಲ್ವೆಗೆ ಸುರಂಗ ಕೊರೆದರು. ಬಹುಮಾನವಾಗಿ 1919ರ ಮಾರ್ಚ್‌ನಲ್ಲಿ ವಿಚಾರಣೆಯಿಲ್ಲದೆ ಜೈಲಿಗೆ ಹಾಕುವ ರೌಲತ್ ಕಾಯ್ದೆ, ಏಪ್ರಿಲ್ 13ಕ್ಕೆ ಜಲಿಯನ್‌ವಾಲಾ ಬಾಗ್.

ನಮ್ಮ ರೈಲ್ವೆಯ ಕಂಬಿ, ಎಂಜಿನ್ನುಗಳೂ ಇರಾಕಿಗೆ ಹಡಗು ಹತ್ತಿದ್ದವು. ವರ್ಕ್‌ಷಾಪುಗಳಲ್ಲಿ ಗಾಡಿ ರಿಪೇರಿ ಬಿಟ್ಟು ಫಿರಂಗಿ ಗುಂಡು ಮಾಡಿಸಿದರು. ಯುದ್ಧ ಮುಗಿಯುವಾಗ ರೈಲ್ವೆ ಹಾಳುಬಿದ್ದಿತ್ತು. ಆಮೇಲೆ ರೈಲ್ವೆಯ ಸ್ಥಿತಿ ನೋಡಲು ಅಕ್ವರ್ತ್ ಸಮಿತಿ ಕೂತು, 1924ರಲ್ಲಿ ರೈಲ್ವೆಗೆ ಬೇರೆ ಬಜೆಟ್ ಬಂತು. 2016ರವರೆಗೂ ನಡೆದ ಪದ್ಧತಿ ಅದೇ.

ಕದನ ವಿರಾಮದ ಸಹಿಯೂ ಬೋಗಿಯಲ್ಲೇ ಬಿತ್ತು. 1918ರ ನವೆಂಬರ್ 11, ಫ್ರಾನ್ಸಿನ ಕಾಂಪಿಯೆನ್ ಕಾಡಿನಲ್ಲಿ ನಿಲ್ಲಿಸಿದ್ದ 2419 ನಂಬರಿನ ಬೋಗಿ, ಮೊದಲು ಡೈನಿಂಗ್ ಕಾರ್ ಆಗಿದ್ದದ್ದು. ಬೆಳಗಿನ ಐದರ ಸುಮಾರಿಗೆ ಸಹಿ, ಜಾರಿ ಹನ್ನೊಂದಕ್ಕೆ. ಆ ಆರು ಗಂಟೆಯಲ್ಲೂ ಸತ್ತವರಿದ್ದಾರೆ. 1940ರಲ್ಲಿ ಹಿಟ್ಲರ್ ಅದೇ ಬೋಗಿಯನ್ನು ಅದೇ ಜಾಗಕ್ಕೆ ಎಳೆಸಿ ಫ್ರೆಂಚರಿಂದ ಸಹಿ ಹಾಕಿಸಿಕೊಂಡ, ಬೋಗಿಯನ್ನು ಜರ್ಮನಿಗೆ ಸಾಗಿಸಿದ. 1945ರಲ್ಲಿ ಅದು ನಾಶವಾಯಿತು. ಈಗ ಕಾಂಪಿಯೆನ್‌ನಲ್ಲಿ ಇರುವುದು ಅದೇ ತರದ 2439. ಮೇಲೆ 2419 ಅಂತ ಬರೆದಿದ್ದಾರೆ. ಬೋಗಿ ತಪಾಸಣೆ ಮಾಡುವ ನಮ್ಮ ಟಿಎಕ್ಸ್‌ಆರ್ ಆಗಿದ್ದರೆ ಮೆಮೊ ಕೊಡದೆ ಬಿಡುತ್ತಿರಲಿಲ್ಲ.