ಪ್ರತಿಕ್ರಿಯೆ: ಹಿಫ್-1 ಆಲ್ಫಾ ಬ್ಯಾಂಡ್ ಬರುತ್ತಿಲ್ಲ
ಹೀಲಾ ಕೋಶಗಳನ್ನು (ಲ್ಯಾಬ್‌ನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) 1% ಆಮ್ಲಜನಕದಲ್ಲಿ 6 ಗಂಟೆ ಇಟ್ಟರೂ ವೆಸ್ಟರ್ನ್ ಬ್ಲಾಟ್‌ನಲ್ಲಿ (ಆಂಟಿಬಾಡಿಯಿಂದ ಪ್ರೋಟೀನ್ ಹುಡುಕುವ ಪರೀಕ್ಷೆ) ಹಿಫ್-1 ಆಲ್ಫಾ, ಅಂದರೆ ಆಮ್ಲಜನಕ ಕಡಿಮೆಯಾದಾಗ ಉಳಿದು ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್, ಇಲ್ಲ, ಆದರೆ ಅದು ಚಾಲೂ ಮಾಡುವ ವಿಇಜಿಎಫ್ ಜೀನ್‌ನ ಆರ್‌ಎನ್‌ಎ ಏರಿದೆ ಅಂದಿರಲ್ಲ, ಹಾಗಾದರೆ ಕೋಶಗಳದ್ದೇನೂ ತಪ್ಪಿಲ್ಲ. ಪ್ರೋಟೀನ್ ಹೋಗುತ್ತಿರೋದು ಡಿಶ್ ಹೊರಗೆ ತೆಗೆದ ಮೇಲೆ. ಆಮ್ಲಜನಕ ಸಿಕ್ಕ ತಕ್ಷಣ ಪಿಎಚ್‌ಡಿ2 ಕಿಣ್ವ ಅದರ 402 ಮತ್ತು 564ನೇ ಪ್ರೋಲೀನ್‌ಗಳಿಗೆ ಹೈಡ್ರಾಕ್ಸಿಲ್ ಸೇರಿಸುತ್ತೆ, ವಿಎಚ್‌ಎಲ್ ಎಂಬ ಪ್ರೋಟೀನ್ ಬಂದು ಹಿಡಿದು ಯುಬಿಕ್ವಿಟಿನ್ (ನಾಶಮಾಡಿ ಅನ್ನೋ ಗುರುತು) ಅಂಟಿಸುತ್ತೆ, ಪ್ರೋಟೀನ್ ಚೂರು ಮಾಡುವ ಪ್ರೋಟಿಯಾಸೋಮ್ ಮುಗಿಸುತ್ತೆ. ಆಮ್ಲಜನಕ ಇದ್ದರೆ ಅದರ ಅರ್ಧಾಯು (ಅರ್ಧದಷ್ಟು ಹೋಗಲು ಬೇಕಾದ ಹೊತ್ತು) ಸುಮಾರು 5 ನಿಮಿಷ. ಕೋಶ ಬಿಡಿಸಲು ಟ್ರಿಪ್ಸಿನ್ ಹಾಕಿ ಸೆಂಟ್ರಿಫ್ಯೂಜ್ ಮಾಡುವಷ್ಟರಲ್ಲಿ ಎಲ್ಲ ಖಾಲಿ.

ಟ್ರಿಪ್ಸಿನ್ ಬಿಟ್ಟುಬಿಡಿ. ಚೇಂಬರ್ ತೆಗೆದ ಕೂಡಲೇ ಡಿಶ್ ಐಸ್ ಮೇಲಿಡಿ, ಮೀಡಿಯಂ ಚೆಲ್ಲಿ, ತಣ್ಣನೆ ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್) ಒಂದೇ ಸಲ ತೊಳೆದು, ಲೆಮ್ಲಿ ಬಫರ್ (ಕೋಶ ಒಡೆದು ಕಿಣ್ವ ನಿಲ್ಲಿಸುವ ದ್ರಾವಣ) ನೇರವಾಗಿ ಸುರಿದು ಕೆರೆಯಿರಿ. ಇಷ್ಟೂ ಒಂದು ನಿಮಿಷದೊಳಗೆ ಆಗಬೇಕು. ಆಮೇಲೆ 95 ಡಿಗ್ರಿಯಲ್ಲಿ 5 ನಿಮಿಷ ಕುದಿಸಿ. ಡಿಎನ್‌ಎಯಿಂದ ಲೋಳೆಲೋಳೆ ಆಗಿದ್ದರೆ ಸಣ್ಣ ಸೂಜಿಯಲ್ಲಿ ನಾಲ್ಕಾರು ಸಲ ಎಳೆದು ಬಿಡಿ.

ಮೈಸೂರು 770 ಮೀಟರ್ ಎತ್ತರದಲ್ಲಿದೆ, ಅಲ್ಲಿ ಆಮ್ಲಜನಕ ಸ್ವಲ್ಪ ಕಡಿಮೆ ಅನ್ನೋದಕ್ಕೆ ಏನಾದರೂ ಹೀಗಾಗುತ್ತಾ ಅಂತ ಕೇಳಿದ್ದೀರಿ. ಸಂಬಂಧವೇ ಇಲ್ಲ, ಅಷ್ಟು ಕಡಿಮೆಗೆಲ್ಲ ಪಿಎಚ್‌ಡಿ2 ನಿಲ್ಲಲ್ಲ.

ಇನ್ನೊಂದು ಡಿಶ್‌ಗೆ ಮಾಮೂಲಿ ಇನ್‌ಕ್ಯುಬೇಟರ್‌ನಲ್ಲೇ 100 ಮೈಕ್ರೋಮೋಲಾರ್ ಕೋಬಾಲ್ಟ್ ಕ್ಲೋರೈಡ್ (ಆಮ್ಲಜನಕ ಇದ್ದರೂ ಹಿಫ್-1 ಆಲ್ಫಾ ಉಳಿಸುತ್ತೆ) ಹಾಕಿ 6 ಗಂಟೆ ಇಡಿ. ಅದರಲ್ಲೂ ಏನೂ ಬರದಿದ್ದರೆ ಆಂಟಿಬಾಡಿ ಮೇಲೆ ಅನುಮಾನ ಪಡಿ. ಮತ್ತೆ, ಹಿಫ್-1 ಆಲ್ಫಾದ ಲೆಕ್ಕದ ತೂಕ 93 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಇದೆ ಅಂತ ಅಲ್ಲೇ ಹುಡುಕಬೇಡಿ. ಬ್ಯಾಂಡ್ ಬರೋದು 110–120 ಕಿಲೋಡಾಲ್ಟನ್ ಹತ್ತಿರ.